ಎಷ್ಟು ಅಗಲ ಇದ್ದರೆ ಸಾಕು?

ರಜೆ ಬಂತು ಅಂದರೆ ನಮ್ಮ ಕೊಡಗಿನ ಕಡೆ ಒಂದು ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. "ಜಾಗ ಸೂಪರ್. ಆದರೆ ರೋಡ್ ಇನ್ನೂ ಸ್ವಲ್ಪ ವೈಡ್ ಇರಬೇಕಿತ್ತು." ಹೋಮ್‌ಸ್ಟೇಗೆ ಬಂದವರು ಹೇಳುತ್ತಾರೆ. ಮದುವೆಗೆ ಬಂದ ಬೆಂಗಳೂರಿನ ನೆಂಟರು ಹೇಳುತ್ತಾರೆ. ಈಗೀಗ ನಮ್ಮ ಊರಿನವರೇ ಹೇಳಲು ಶುರು ಮಾಡಿದ್ದಾರೆ, ಅದರಲ್ಲೂ ಹೊಸದಾಗಿ ದೊಡ್ಡ ಗಾಡಿ ತೆಗೆದುಕೊಂಡವರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮಧ್ಯದಲ್ಲಿ ಆರು ಲೇನ್, ಎರಡೂ ಬದಿಯ ಸರ್ವೀಸ್ ರಸ್ತೆ ಸೇರಿಸಿದರೆ ಹತ್ತು. ಅಲ್ಲಿಂದ ಮುಂದೆ ಕುಶಾಲನಗರದ ಕಡೆಗೂ ನಾಲ್ಕು ಲೇನ್ ಮಾಡುವ ಯೋಜನೆಗೆ ಅದೇ ದಿನ ಶಂಕುಸ್ಥಾಪನೆ ಆಯಿತು. ಅಂಥ ರಸ್ತೆಯಲ್ಲಿ ಬಂದವರು ಮಡಿಕೇರಿ ದಾಟಿ ಒಳದಾರಿಗೆ ತಿರುಗಿದ ಕೂಡಲೇ ಎರಡೂ ಕಡೆ ಬರೆ (ರಸ್ತೆಗಾಗಿ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ), ನಡುವೆ ಒಂದೇ ಗಾಡಿಗೆ ಆಗುವಷ್ಟು ಡಾಂಬರು. ಎದುರಿಂದ ಹಾಲಿನ ಜೀಪು ಬಂದರೆ ಎದೆ ಢವಢವ ಅನ್ನುತ್ತದೆ.

ನನ್ನನ್ನು ಈ ಮಾತು ಬಿಡದೆ ಕಾಡುತ್ತಿರುವುದಕ್ಕೆ ಬೇರೆ ಕಾರಣ ಇದೆ. ನಮ್ಮೂರಿನ ರಸ್ತೆಯನ್ನೂ ಅಗಲ ಮಾಡಬೇಕು ಎಂಬ ಮಾತು ನಡೆಯುತ್ತಿದೆ. ಬೇಕು ಅನ್ನುವವರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಎಷ್ಟು ಅಗಲ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. "ವೈಡ್ ಆಗಬೇಕು ಅಷ್ಟೇ" ಎಂದು ಕೆಲವರು ಸುಮ್ನೆ ಬಿಡುತ್ತಾರೆ. ಅಗಲ ಅನ್ನೋದು ಇದ್ದಷ್ಟೂ ಒಳ್ಳೆಯದು, ಅದಕ್ಕೆ ಲೆಕ್ಕ ಬೇಡ ಎಂಬ ಹಾಗೆ. ನನಗೆ ಅಲ್ಲೇ ತಡೆಯುತ್ತದೆ.

ಮೊರದಗಲ, ಅಂಗೈಯಗಲ

ಅಕ್ಕನ ಮಗಳು ಏಳನೇ ಕ್ಲಾಸ್. ಒಂದು ಸಂಜೆ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದಳು. "ಮಾವ, ವೈಡ್ ಅಂದ್ರೂ ಅಗಲ, ಬ್ರಾಡ್ ಅಂದ್ರೂ ಅಗಲ. ಮತ್ತೆ ಎರಡು ಯಾಕೆ?" ಒಳ್ಳೆಯ ಪ್ರಶ್ನೆ. ಇಂಗ್ಲಿಷಿನವರು ಭುಜ, ಬೆನ್ನು, ಹಣೆಗೆ ಬ್ರಾಡ್ ಅನ್ನುತ್ತಾರೆ. ತೆರೆದ ಬಾಯಿಗೆ, ಅರಳಿದ ಕಣ್ಣಿಗೆ ವೈಡ್ ಅನ್ನುತ್ತಾರೆ. ಹಾಡಹಗಲು ಬ್ರಾಡ್ ಡೇಲೈಟ್, ಆದರೆ ಪೂರ್ತಿ ಎಚ್ಚರ ಇರುವವನು ವೈಡ್ ಅವೇಕ್. ಫೋನಿನ ಕ್ಯಾಮೆರಾದಲ್ಲಿ ವೈಡ್ ಆ್ಯಂಗಲ್, ರೈಲಿನಲ್ಲಿ ಬ್ರಾಡ್ ಗೇಜ್. (ಬ್ರಾಡ್ ಗೇಜ್ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ಕೊಡಗಿನಲ್ಲಿ ರೈಲೇ ಇಲ್ಲದ ಕಾರಣ ಅದನ್ನು ನೋಡಲು ಅವಳು ಮೈಸೂರಿಗೆ ಹೋಗಬೇಕು.) ಬಳಕೆ ನೋಡಿದರೆ ಒಂದು ಜಾಡು ಸಿಗುತ್ತದೆ. ವೈಡ್ ಅನ್ನುವಾಗ ಕಣ್ಣು ಈ ಅಂಚಿನಿಂದ ಆ ಅಂಚಿಗೆ ಹೋಗುತ್ತದೆ, ನಡುವೆ ಎಷ್ಟು ದೂರ ಇದೆ ಅಂತ ನೋಡುತ್ತದೆ. ಬ್ರಾಡ್ ಅನ್ನುವಾಗ ಆ ಎರಡು ಅಂಚಿನ ನಡುವೆ ಹರಡಿಕೊಂಡಿರುವುದರ ಮೇಲೆ ನಿಲ್ಲುತ್ತದೆ. ಬಾಗಿಲು ವೈಡ್ ಓಪನ್ ಆಗುತ್ತದೆ, ಏಕೆಂದರೆ ಅಲ್ಲಿ ನಡುವೆ ಇರುವುದು ಖಾಲಿ ಜಾಗ. ಬೆನ್ನು ಬ್ರಾಡ್, ಏಕೆಂದರೆ ಅಲ್ಲಿ ಮೈಯಿದೆ.

ಇಷ್ಟೆಲ್ಲ ಹೇಳಿದರೂ ಅವಳಿಗೆ ನಿಜವಾಗಿ ಹಿಡಿಸಿದ್ದು ಕ್ರಿಕೆಟ್ಟಿನ ವೈಡ್. ಕೊಡಗಿನಲ್ಲಿ ಹಾಕಿಯೇ ದೊಡ್ಡದು, ಆದರೂ ಮಕ್ಕಳು ರಸ್ತೆಯಲ್ಲಿ ಆಡುವುದು ಕ್ರಿಕೆಟ್. ಕ್ರಿಕೆಟ್ ಕಾನೂನಿನ 22ನೇ ನಿಯಮ ವೈಡ್ ಬಗ್ಗೆ. ಬ್ಯಾಟ್ ಮಾಡುವವರು ನಿಂತ ಜಾಗದಿಂದ ಮಾಮೂಲಿ ಹೊಡೆತದಲ್ಲಿ ಎಟುಕದಷ್ಟು ದೂರ ಚೆಂಡು ಹೋದರೆ ಅದು ವೈಡ್. ಅವರು ತಾವೇ ಸರಿದು ಚೆಂಡನ್ನು ಎಟುಕುವ ಹಾಗೆ ಮಾಡಿಕೊಂಡರೆ ಅದು ವೈಡ್ ಅಲ್ಲ. ಒಂದು ದಿನದ ಪಂದ್ಯಗಳಲ್ಲಿ ಅಂಪೈರಿಗೆ ಸುಲಭವಾಗಲಿ ಅಂತ ನೆಲದ ಮೇಲೆ ಗೆರೆ ಎಳೆಯುತ್ತಾರೆ, ನಿಜ. ಆದರೆ ಮೂಲ ನಿಯಮದಲ್ಲಿ ಇಂಚಿನ ಲೆಕ್ಕ ಇಲ್ಲ. ನಿಂತವರು ಯಾರು, ಎಲ್ಲಿ ನಿಂತಿದ್ದಾರೆ, ಅವರ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂಬುದೇ ಅಳತೆ. ಇದನ್ನು ಕೇಳಿದ ಹುಡುಗಿ, "ಹಾಗಾದರೆ ಬಾಲ್ ಒಂದೇ, ವೈಡ್ ಆಗೋದು ಬಿಡೋದು ಆಡೋರ ಮೇಲೆ ಅಲ್ವಾ?" ಅಂದಳು. ಹೌದು ಅಂದೆ. ರಸ್ತೆಯ ವಿಚಾರ ತಲೆಯಲ್ಲಿ ತಿರುಗುತ್ತಿದ್ದ ನನಗೆ ಆ ಮಾತು ಅಲ್ಲೇ ಅಂಟಿಕೊಂಡಿತು.

ನಮ್ಮ ಆಡುಮಾತಿನಲ್ಲೂ ಅಗಲ ಹೀಗೇ ಬರುತ್ತದೆ. ಕಿವಿ ಮೊರದಗಲ ಮಾಡಿಕೊಂಡು ಕೇಳುತ್ತೇವೆ. ಹಣೆಗೆ ಕಾಸಿನಗಲ ಕುಂಕುಮ ಇಡುತ್ತೇವೆ. ಅಂಗೈಯಗಲ ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಬಟ್ಟೆ ಅಂಗಡಿಯಲ್ಲಿ ದೊಡ್ಡ ಪನ್ನದ್ದು, ಅಂದರೆ ಹೆಚ್ಚು ಅಗಲದ ಬಟ್ಟೆ ಕೊಡಿ ಅಂದರೆ ಯಾರ ಮೈಗೆ, ಏನು ಹೊಲಿಸಲು ಅಂತ ಅಂಗಡಿಯವರು ಮೊದಲು ಕೇಳುತ್ತಾರೆ. ಯಾವುದಕ್ಕೆ, ಯಾರಿಗೆ ಅಂತ ಕೇಳದೆ ಅಗಲದ ಮಾತು ಮುಂದಕ್ಕೆ ಹೋಗುವುದೇ ಇಲ್ಲ. ರಸ್ತೆಯ ವಿಷಯದಲ್ಲಿ ಮಾತ್ರ ಆ ಪ್ರಶ್ನೆಯನ್ನು ಹೇಗೆ ಬಿಟ್ಟುಬಿಟ್ಟೆವೋ.

ಒಂದು ಅಂಗೈ ಇದೆ, ಬರ್ಲಿ

ಹೈಸ್ಕೂಲಿನ ದಿನಗಳು. ಆಟಿ ತಿಂಗಳ ಮಳೆ. ಸಂಜೆಯ ಪ್ರೈವೇಟ್ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆವು. ನಮ್ಮ ಬಸ್ಸು ಏರು ಹತ್ತುತ್ತಿತ್ತು. ತಿರುವಿನಲ್ಲಿ ಎದುರಿಗೆ ಸಿಲ್ವರ್ ಓಕ್ ದಿಮ್ಮಿ ತುಂಬಿದ ಲಾರಿ. ಅದರ ಹಿಂದೆ ಒಂದು ಜೀಪು. ಎರಡೂ ಕಡೆಯವರು ಬ್ರೇಕ್ ಹಾಕಿ ನಿಂತರು. ಯಾರೂ ಹಾರ್ನ್ ಹೊಡೆಯಲಿಲ್ಲ. ನಮ್ಮ ಕಂಡಕ್ಟರ್ ಟಿಕೆಟ್ ಬ್ಯಾಗನ್ನು ಸೀಟಿನ ಮೇಲೆ ಇಟ್ಟು, ಕೊಡೆ ತೆಗೆದುಕೊಂಡು ಇಳಿದರು. ಕಿಟಕಿಯ ಟಾರ್ಪಲ್ ಸರಿಸಿ ನಾನು ನೋಡುತ್ತಿದ್ದೆ.

ಅವರು ಮೊದಲು ಮಾಡಿದ ಕೆಲಸ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಲ್ಲಿಯ ಕಡೆಗೆ, ಅಂದರೆ ಕೆಳಗಿನ ಕಣಿವೆಯ ಬದಿಗೆ ಹೋದರು. ಡಾಂಬರು ಮುಗಿದ ಮೇಲಿನ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ ಒತ್ತಿ ನೋಡುತ್ತಾ ಹೊರಗೆ ಹೊರಗೆ ಹೋದರು. ಒಂದು ಕಡೆ ಹಿಮ್ಮಡಿ ಪಿಸಕ್ಕನೆ ಒಳಗೆ ಹೋಯಿತು. ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬಂದು, ಬೇಲಿಯ ಲಂಟಾನದ ಕೋಲೊಂದನ್ನು ಮುರಿದು ನೆಟ್ಟರು. ಸ್ವಲ್ಪ ಮುಂದೆ ಹೋಗಿ ಇನ್ನೊಂದು ನೆಟ್ಟರು. "ಇಲ್ಲಿ ತನಕ ಗಟ್ಟಿ ಇದೆ ಅಣ್ಣ. ಕೋಲು ದಾಟಬೇಡಿ" ಎಂದು ಲಾರಿಯವರಿಗೆ ಕೂಗಿ ಹೇಳಿದರು. ಜೀಪಿನವರು ಹಿಂದಕ್ಕೆ ಹೋಗಿ ಹಲಸಿನ ಮರದ ಹತ್ತಿರ ಒಳಗೆ ಸೇರಿಕೊಂಡರು. ಲಾರಿ ಇಂಚಿಂಚೇ ರಿವರ್ಸ್ ಬಂದು ತಿರುವಿನಲ್ಲಿ ಸ್ವಲ್ಪ ಅಗಲ ಇದ್ದ ಜಾಗ ಹಿಡಿಯಿತು. ಲಾರಿಯ ಕ್ಲೀನರ್ ಹಿಂದಿನಿಂದ "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಅನ್ನುತ್ತಿದ್ದ. ಆಮೇಲೆ ನಮ್ಮ ಸರದಿ. ಡ್ರೈವರ್ ಕನ್ನಡಿ ಮಡಚಿದರು. ಬಸ್ಸು ಬರೆಯ ಕಡೆಗೆ ಎಷ್ಟು ಒತ್ತಿಕೊಂಡಿತು ಅಂದರೆ ಜರಿಗಿಡದ ಎಲೆಗಳು ಕಿಟಕಿಯೊಳಗೆ ಬಂದು ಮುಖಕ್ಕೆ ನೀರು ಹಾರಿಸಿದವು. ಕಂಡಕ್ಟರ್ ಬಸ್ಸಿಗೂ ಲಾರಿಗೂ ನಡುವೆ ಕೈ ಅಡ್ಡ ಹಿಡಿದು ನೋಡಿದರು. "ಒಂದು ಅಂಗೈ ಇದೆ, ಬರ್ಲಿ." ಬಸ್ಸು ದಾಟಿತು. ಲಾರಿಯವರು ಕೈ ಎತ್ತಿದರು, ನಮ್ಮವರೂ ಎತ್ತಿದರು.

ಅಲ್ಲಿ ಲಾರಿಯವರು ಹಿಂದಕ್ಕೆ ಹೋಗಿದ್ದು ಸುಮ್ನೆ ಒಳ್ಳೆಯತನಕ್ಕೆ ಅಲ್ಲ. ಬೆಟ್ಟದ ರಸ್ತೆಯಲ್ಲಿ ಎರಡು ಗಾಡಿ ಸಲೀಸಾಗಿ ದಾಟುವಷ್ಟು ಅಗಲ ಇಲ್ಲದಿದ್ದರೆ, ಏರು ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು. ವಾಹನ ಚಾಲನೆ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳಲ್ಲೂ ಇದು ಇದೆ, ಅದಕ್ಕಿಂತ ಹಿಂದಿನ 1989ರ ನಿಯಮಗಳಲ್ಲೂ ಇತ್ತು. ಏರಿನಲ್ಲಿ ನಿಂತ ಭಾರದ ಗಾಡಿ ಮತ್ತೆ ಹೊರಡುವುದು ಎಷ್ಟು ಕಷ್ಟ ಅಂತ ಕ್ಲಚ್ ಸುಟ್ಟ ವಾಸನೆ ಕುಡಿದವರಿಗೆಲ್ಲ ಗೊತ್ತು. ಈ ನಿಯಮ ಓದಿ ಕಲಿತವರು ನಮ್ಮ ಕಡೆ ಕಡಿಮೆ. ಎಲ್ಲರೂ ಪಕ್ಕದ ಸೀಟಿನಲ್ಲಿ ಕೂತು ಕಲಿತವರೇ. ಎಲ್ಲಿ ಸೈಡ್ ಕೊಡಬಹುದು, ಮೋರಿ ಎಲ್ಲಿದೆ, ಯಾರ ಗೇಟಿನ ಮುಂದೆ ಒಳಗೆ ನುಗ್ಗಿಸಬಹುದು, ಎಲ್ಲ ಬಾಯಿಪಾಠ. ಆ ದಿನ ನಮ್ಮ ರಸ್ತೆಗೆ ಬಸ್ಸೂ ಲಾರಿಯೂ ದಾಟುವಷ್ಟು ಅಗಲ ಕಾಗದದ ಮೇಲೆ ಇರಲಿಲ್ಲ. ನಾಲ್ಕು ಜನ ಸೇರಿ ಆ ಅಗಲವನ್ನು ಒದಗಿಸಿದರು.

ರಸ್ತೆ ಕಿರಿದಾಯಿತೇ, ಗಾಡಿ ಅಗಲವಾಯಿತೇ?

ಈಗ ಸ್ವಲ್ಪ ಲೆಕ್ಕ. ನಮ್ಮ ದೇಶದಲ್ಲಿ ಒಂದು ಲೇನಿನ ರಸ್ತೆಗೆ ಗೊತ್ತು ಮಾಡಿರುವ ಡಾಂಬರಿನ ಅಗಲ 3.75 ಮೀಟರ್. ಗಾಡಿ ಓಡಾಟ ತೀರಾ ಕಡಿಮೆ ಇರುವ ಹಳ್ಳಿ ರಸ್ತೆಗೆ 3 ಮೀಟರ್ ಸಾಕು ಅಂತಲೂ ಇದೆ. ಎರಡು ಲೇನಿಗೆ 7 ಮೀಟರ್. ನಡುವೆ 5.5 ಮೀಟರಿನ ಇನ್ನೊಂದು ಬಗೆ ಇದೆ, ಒಂದೂವರೆ ಲೇನ್ ಅಂದುಕೊಳ್ಳಿ. ನಮ್ಮ ಊರಿನದು 3 ಮೀಟರಿನದು. ಕ್ರಿಕೆಟ್ ಪಿಚ್ಚಿನ ಅಗಲ 10 ಅಡಿ, ಅಂದರೆ 3.05 ಮೀಟರ್. ನಮ್ಮ ಮಕ್ಕಳು ರಸ್ತೆಯಲ್ಲಿ ಆಡುವಾಗ ಹೆಚ್ಚುಕಡಿಮೆ ಸರಿಯಾದ ಅಗಲದ ಪಿಚ್ಚಿನಲ್ಲೇ ಆಡುತ್ತಾರೆ!

ಬಸ್ಸಿನ ಅಗಲ ಕಾನೂನಿನ ಪ್ರಕಾರ 2.6 ಮೀಟರ್ ದಾಟುವ ಹಾಗಿಲ್ಲ. ಈ ಮಿತಿ ಇರುವುದರಿಂದ ಬಸ್ಸು ಲಾರಿಗಳು ತೀರಾ ಬೆಳೆದಿಲ್ಲ. ಬೆಳೆದದ್ದು ಕಾರು. ಮಾರುತಿ 800 ನೆನಪಿದೆಯಲ್ಲ, ಅದರ ಅಗಲ 1.44 ಮೀಟರ್. ನಮ್ಮ ಕಡೆ ಮನೆಮನೆಗೂ ಇದ್ದ ಓಮ್ನಿ ಇನ್ನೂ ಸಣ್ಣದು, 1.41. ಈಗ ಶನಿವಾರ ಭಾನುವಾರ ಘಾಟಿ ಹತ್ತಿ ಬರುವ ಥಾರ್ 1.82 ಮೀಟರ್. ಇನ್ನೋವಾ ಕ್ರಿಸ್ಟಾ 1.83. ಫಾರ್ಚೂನರ್ 1.85ಕ್ಕೂ ಸ್ವಲ್ಪ ಜಾಸ್ತಿ. ಇದೆಲ್ಲ ಕನ್ನಡಿ ಬಿಟ್ಟು. 3.75 ಮೀಟರಿನ ರಸ್ತೆಯಲ್ಲಿ ಎರಡು ಮಾರುತಿ 800 ಎದುರಾದರೆ ಇಬ್ಬರಿಗೂ ಸೇರಿ ಉಳಿಯುವ ಜಾಗ 87 ಸೆಂಟಿಮೀಟರ್. ಡಾಂಬರು ಬಿಡದೆ, ನಿಧಾನವಾಗಿ ದಾಟಬಹುದು. ಅದೇ ರಸ್ತೆಯಲ್ಲಿ ಎರಡು ಫಾರ್ಚೂನರ್ ಎದುರಾದರೆ ಉಳಿಯುವುದು ಸುಮಾರು 4 ಸೆಂಟಿಮೀಟರ್. ಕನ್ನಡಿ ಮಡಚಿದರೂ ಆಗದು. ರಸ್ತೆ ಅಷ್ಟೇ ಇದೆ. ಅದರ ಮೇಲೆ ಓಡುವ ನಾವು ಅಗಲವಾಗಿದ್ದೇವೆ. ದೊಡ್ಡ ಗಾಡಿ ತೆಗೆದುಕೊಂಡವರನ್ನು ನಾನು ದೂರುವುದಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಗುಂಡಿ ಬಿದ್ದ ರಸ್ತೆಯಲ್ಲಿ ಹೋಗುವವರಿಗೆ ಎತ್ತರದ ಗಾಡಿ ಬೇಕು ಅನಿಸುವುದು ಸಹಜ. ಆದರೆ ರಸ್ತೆ ಕಿರಿದು ಅಂತ ತೀರ್ಮಾನ ಮಾಡುವ ಮುಂಚೆ ಈ ಲೆಕ್ಕವನ್ನೂ ಮೇಜಿನ ಮೇಲೆ ಇಡಬೇಕು.

ಇನ್ನೊಂದು ಸಂಗತಿ ತಿರುವಿನದು. ಉದ್ದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಹೋಗುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಹೋಗುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 6 ಮೀಟರ್ ದೂರ ಇರುವ ಬಸ್ಸು 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ನೇರ ರಸ್ತೆಗಿಂತ ಸುಮಾರು 1.2 ಮೀಟರ್ ಜಾಸ್ತಿ ಜಾಗ ಬೇಕು. ಅದಕ್ಕೇ ಬೆಟ್ಟದ ರಸ್ತೆಯನ್ನು ಸರಿಯಾಗಿ ಮಾಡಿದವರು ತಿರುವಿನಲ್ಲಿ ಮಾತ್ರ ಅಗಲ ಕೊಟ್ಟಿರುತ್ತಾರೆ. ಘಾಟಿ ರಸ್ತೆಯ ತಿರುವುಗಳಲ್ಲಿ ಡಾಂಬರು ಹೊಟ್ಟೆ ಬಿಟ್ಟ ಹಾಗೆ ಕಾಣುವುದು ಇದೇ ಕಾರಣಕ್ಕೆ. ಎಲ್ಲಿ ಬೇಕೋ ಅಲ್ಲಿ ಕೊಟ್ಟ ಅಗಲ ಅದು. ಇಡೀ ರಸ್ತೆಗೆ ಒಂದೇ ಅಳತೆ ಹಾಕಿದರೆ ನೇರ ಇರುವ ಕಡೆ ಗಾಡಿ ವೇಗ ಹಿಡಿಯುತ್ತದೆ, ತಿರುವಿನಲ್ಲಿ ಜಾಗ ಸಾಲದೆ ಎದುರಿನವರ ಲೇನಿಗೆ ನುಗ್ಗುತ್ತದೆ.

ಬರೆ

ಬಯಲುಸೀಮೆಯಲ್ಲಿ ರಸ್ತೆ ಅಗಲ ಮಾಡುವುದು ಅಂದರೆ ಪಕ್ಕದ ಜಮೀನು ತೆಗೆದುಕೊಂಡು ಮಣ್ಣು ಹಾಕುವುದು. ಪರಿಹಾರದ ತಕರಾರು ಇರುತ್ತದೆ, ಆದರೆ ನೆಲ ಅಲ್ಲೇ ಇರುತ್ತದೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ರಸ್ತೆ ಇರುವುದು ಇಳಿಜಾರನ್ನು ಕೊರೆದು ಮಾಡಿದ ಮೆಟ್ಟಿಲಿನ ಮೇಲೆ. ಒಂದು ಕಡೆ ಬರೆ, ಇನ್ನೊಂದು ಕಡೆ ಇಳಿಜಾರು. ಅಗಲ ಬೇಕು ಅಂದರೆ ಬರೆಯನ್ನು ಒಳಗೆ ಕಡಿಯಬೇಕು. ಎಷ್ಟು ಒಳಗೆ? ಒಂದು ಮೀಟರ್ ಅಗಲಕ್ಕೆ ಒಂದು ಮೀಟರ್ ಕಡಿದರೆ ಆಯಿತಲ್ಲ ಅಂತ ಅನಿಸುತ್ತದೆ. ಆಗುವುದಿಲ್ಲ. ಕಡಿದ ಮಣ್ಣು ನಿಲ್ಲಬೇಕಾದರೆ ಬರೆಯನ್ನು ಹಿಂದಕ್ಕೆ ಒರಗಿಸಿ ಕಡಿಯಬೇಕು. ಗುಡ್ಡದ ಇಳಿಜಾರು 30 ಡಿಗ್ರಿ ಇದ್ದು, ಬರೆಯನ್ನು 45 ಡಿಗ್ರಿಗೆ ಒರಗಿಸುತ್ತೀರಿ ಅಂತಿಟ್ಟುಕೊಳ್ಳಿ. ಒಂದು ಮೀಟರ್ ಅಗಲ ಹೆಚ್ಚಿಸಲು ಗುಡ್ಡದೊಳಗೆ ಹತ್ತಿರ ಹತ್ತಿರ 2.4 ಮೀಟರ್ ಹೋಗಬೇಕಾಗುತ್ತದೆ. ಗುಡ್ಡ 40 ಡಿಗ್ರಿ ಕಡಿದಾಗಿದ್ದರೆ ಅದೇ ಒಂದು ಮೀಟರಿಗೆ ಆರು ಮೀಟರಿಗಿಂತ ಜಾಸ್ತಿ. ಹೈಸ್ಕೂಲಿನ ತ್ರಿಕೋನದ ಲೆಕ್ಕ ಇದು, ಯಾರು ಬೇಕಾದರೂ ಮಾಡಿ ನೋಡಬಹುದು. ಅಷ್ಟು ಮೇಲಿನ ತನಕ ಕಡಿದರೆ ತೋಟ ಹೋಗುತ್ತದೆ, ಮರ ಹೋಗುತ್ತದೆ, ದುಡ್ಡು ಹೋಗುತ್ತದೆ. ಹಾಗಾಗಿ ಏನು ಮಾಡುತ್ತಾರೆ? ಜೆಸಿಬಿ ತಂದು ಗೋಡೆಯ ಹಾಗೆ ನೆಟ್ಟಗೆ ಕಡಿದು ಹೋಗುತ್ತಾರೆ. ಬೇಸಿಗೆಯಲ್ಲಿ ಅದು ಚೆನ್ನಾಗಿಯೇ ನಿಂತಿರುತ್ತದೆ. ಕೆಂಪಗೆ, ನುಣ್ಣಗೆ, ಬಕೆಟ್ಟಿನ ಹಲ್ಲಿನ ಗುರುತು ಸಮೇತ.

ಮಳೆಗಾಲದಲ್ಲಿ ಗೊತ್ತಾಗುತ್ತದೆ. ನಮ್ಮ ಗುಡ್ಡಗಳಲ್ಲಿ ಬಂಡೆಯ ಮೇಲೆ ದಪ್ಪ ಮಣ್ಣು ಇದೆ. ವಾರಗಟ್ಟಲೆ ಬಿಡದೆ ಸುರಿದ ಮಳೆ ಆ ಮಣ್ಣಿನೊಳಗೆ ಇಳಿಯುತ್ತದೆ. ಮಣ್ಣು ಭಾರ ಆಗುತ್ತದೆ, ಒಳಗೆ ಸೇರಿದ ನೀರು ಹೊರಗೆ ಬರಲು ಒತ್ತುತ್ತದೆ, ಮಣ್ಣಿನ ಹಿಡಿತ ಸಡಿಲ ಆಗುತ್ತದೆ. ಗುಡ್ಡದ ಬುಡದಲ್ಲಿ ಆನಿಕೆಯಾಗಿದ್ದ ಮಣ್ಣನ್ನು ನಾವು ಮೊದಲೇ ತೆಗೆದಿರುತ್ತೇವೆ. 2018ರ ಆಗಸ್ಟ್ ಮಧ್ಯದಲ್ಲಿ ಆದದ್ದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ ಎಂಬ ಹೆಸರುಗಳು ಸಾಕು. ಮಡಿಕೇರಿ–ಮಂಗಳೂರು ಹೆದ್ದಾರಿ ಕಡಿದೇ ಹೋಗಿತ್ತು. ಅದೇ ವರ್ಷ ಜೂನ್‌ನಲ್ಲಿ ಮಾಕುಟ್ಟ ರಸ್ತೆಯೂ ಕುಸಿದು ಕೇರಳದ ದಾರಿ ಬಂದ್ ಆಗಿತ್ತು. ಆ ವರ್ಷದ ಮಳೆಯೇ ವಿಪರೀತ, ಯಾರೂ ಕೈ ಹಾಕದ ಗುಡ್ಡಗಳೂ ಜಾರಿದವು. ಎಲ್ಲವನ್ನೂ ರಸ್ತೆಯ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಆದರೆ ಪ್ರತಿ ಮಳೆಗಾಲದಲ್ಲೂ ಪೇಪರಿನಲ್ಲಿ ಬರುವ "ಬರೆ ಕುಸಿದು ಸಂಚಾರ ಅಸ್ತವ್ಯಸ್ತ" ಸುದ್ದಿಯ ಜಾಗಗಳನ್ನು ಹೋಗಿ ನೋಡಿ. ಬಹಳಷ್ಟು ಕಡೆ ನೆಟ್ಟಗೆ ಕಡಿದ ಬರೆಯೇ ಕಾಣುತ್ತದೆ. ಅಗಲ ಮಾಡಿದ ರಸ್ತೆಯ ಅರ್ಧದ ಮೇಲೆ ಮಣ್ಣಿನ ರಾಶಿ, ಅದರ ಸುತ್ತ ಬ್ಯಾರಿಕೇಡ್. ಗಾಡಿಗಳು ಮತ್ತೆ ಒಂದೇ ಲೇನಿನಲ್ಲಿ, ಹಳೆಯ ಹಾಗೆಯೇ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹೋಗುತ್ತಿರುತ್ತವೆ.

ಮನುಷ್ಯರ ಲೆಕ್ಕ ಮಾತ್ರ ಹೇಳಿದರೆ ಸಾಲದು. ತಿತಿಮತಿ ಕಡೆ, ಆನೆಕಾಡು ಕಡೆ ಆನೆಗಳು ರಸ್ತೆ ದಾಟುತ್ತವೆ. ಬರೆ ಇಳಿಜಾರಾಗಿದ್ದರೆ ಆನೆ ಮರಿಯ ಸಮೇತ ಹತ್ತಿ ಹೋಗಿಬಿಡುತ್ತದೆ. ಎರಡೂ ಕಡೆ ನೆಟ್ಟಗೆ ಕಡಿದಿದ್ದರೆ ರಸ್ತೆಗೆ ಇಳಿದ ಆನೆಗೆ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ರಸ್ತೆಯಲ್ಲೇ ಉದ್ದಕ್ಕೂ ನಡೆಯುತ್ತದೆ, ಎದುರಿಗೆ ಬೈಕಿನವರು ಸಿಗುತ್ತಾರೆ. ಆಮೇಲೆ ಆನೆಯದ್ದೇ ತಪ್ಪು ಅನ್ನುತ್ತೇವೆ. ಅದಕ್ಕೆ ಬೇಕಾಗಿದ್ದ ದಾರಿಯನ್ನು ನಾವು ಕಡಿದು ಲಾರಿಯಲ್ಲಿ ತುಂಬಿ ಕಳಿಸಿದ್ದೆವು ಅನ್ನೋದು ನೆನಪಿಗೆ ಬರುವುದಿಲ್ಲ.

ಸುಣ್ಣದ ಗುರುತು

ಕಳೆದ ಬೇಸಿಗೆಯಲ್ಲಿ ನಮ್ಮೂರಿಗೆ ಅಳತೆಯವರು ಬಂದರು. ಟೇಪು ಹಿಡಿದವರು ಇಬ್ಬರು, ಸುಣ್ಣದ ಡಬ್ಬಿ ಹಿಡಿದವರು ಒಬ್ಬರು, ಕಾಗದ ಹಿಡಿದ ಒಬ್ಬ ಎಳೆ ವಯಸ್ಸಿನ ಎಂಜಿನಿಯರ್. 3 ಮೀಟರ್ ಇರುವುದನ್ನು 5.5 ಮಾಡುವ ಅಂದಾಜು. ಹಲಸಿನ ಮರಕ್ಕೂ ಗುರುತು ಬಿತ್ತು. ಅದರ ಮೇಲಿನ ಬರೆಯ ತುದಿಯಲ್ಲಿ ಪಕ್ಕದ ಮನೆಯ ಮಾವನ ಕಾಫಿ ಕಣ ಇದೆ. ಕಣದ ಆಚೆ ಲೈನ್ ಮನೆಗಳು, ತೋಟದ ಕೆಲಸದವರು ಇರುವ ಸಾಲು ಮನೆಗಳು. ಮಾವ ಕತ್ತಿ ಹಿಡಿದುಕೊಂಡೇ ತೋಟದಿಂದ ಇಳಿದು ಬಂದರು. ಜಗಳ ಆಗುತ್ತದೆ ಅಂದುಕೊಂಡೆವು. ಅವರು ಕತ್ತಿಯನ್ನು ಬೇಲಿಗೆ ಸಿಕ್ಕಿಸಿ, "ಸಾರ್, ಒಂದು ನಿಮಿಷ ಮೇಲೆ ಬನ್ನಿ" ಅಂದರು. ಎಂಜಿನಿಯರ್ ಹೋದರು, ಹಿಂದೆ ನಾವೂ ಹೋದೆವು. ಕಣದ ಅಂಚಿನಲ್ಲಿ ಸಿಮೆಂಟು ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಮಾವ ಒಂದು ಕಾಫಿ ಬೀಜ ಹಾಕಿದರು. ಅದು ಒಳಗೆ ಬಿದ್ದುಹೋಯಿತು. "ಹೋದ ಮಳೆಗಾಲಕ್ಕೆ ಮುಂಚೆ ಇದು ಇರಲಿಲ್ಲ. ಇನ್ನೂ ಕಡಿದರೆ ಈ ಕಣ ನಿಮ್ಮ ರೋಡಿಗೇ ಬರುತ್ತದೆ ಸಾರ್, ಲೈನ್ ಮನೆ ಸಮೇತ." ಎಂಜಿನಿಯರ್ ಬಗ್ಗಿ ನೋಡಿದರು, ಫೋಟೊ ತೆಗೆದುಕೊಂಡರು. ಒಳ್ಳೆಯ ಮನುಷ್ಯ, ಕೇಳಿಸಿಕೊಂಡರು.

ಆ ವಾರದ ಊರ ಸಭೆಯಲ್ಲಿ ಆಟೊ ಓಡಿಸುವ ಹುಡುಗ ಎದ್ದು ನಿಂತ. "ನೀವೆಲ್ಲ ಮರ, ಬರೆ ಅಂತೀರಿ. ನನ್ನ ಅತ್ತಿಗೆಗೆ ಹೆರಿಗೆ ನೋವು ಬಂದಾಗ ಆಂಬ್ಯುಲೆನ್ಸ್ ಕೆಳಗಿನ ತಿರುವಲ್ಲಿ ಕಾಫಿ ಲಾರಿ ಎದುರಿಗೆ ಸಿಕ್ಕಿಹಾಕಿಕೊಂಡಿತ್ತು. ಅಷ್ಟೊತ್ತು ಒಳಗಿದ್ದೋರ ಪಾಡು ಏನು?" ಯಾರೂ ಮಾತಾಡಲಿಲ್ಲ. ಅವನು ಹೇಳಿದ್ದಕ್ಕಿಂತ ದೊಡ್ಡ ಮಾತು ಆ ಸಭೆಯಲ್ಲಿ ಬಂದಿಲ್ಲ. ಬೆಟ್ಟದ ಚೆಂದ ಉಳಿಸಬೇಕು ಅನ್ನುವವರು, ನಾನೂ ಸೇರಿದಂತೆ, ಮೊದಲು ಅವನಿಗೆ ಉತ್ತರ ಕೊಡಬೇಕು.

ನಾನು ಕೊಡುವ ಉತ್ತರ ಇದು. ಅವತ್ತು ಆಂಬ್ಯುಲೆನ್ಸ್ ನಿಂತದ್ದು ರಸ್ತೆಗಿಂತ ಅದು ಅಗಲ ಇತ್ತು ಅಂತಲ್ಲ. 3 ಮೀಟರಿನಲ್ಲಿ ಆಂಬ್ಯುಲೆನ್ಸ್ ಆರಾಮವಾಗಿ ಹೋಗುತ್ತದೆ. ಎದುರಿಗೆ ಬಂದ ಲಾರಿಗೆ ಸರಿಯಲು ಹತ್ತಿರದಲ್ಲಿ ಜಾಗ ಇರಲಿಲ್ಲ, ಅದು ಕಷ್ಟ. ಬೆಟ್ಟದ ಒಂದು ಲೇನಿನ ರಸ್ತೆಗಳಿಗೆ ಎಂಜಿನಿಯರುಗಳ ಪುಸ್ತಕದಲ್ಲೇ ಒಂದು ಉಪಾಯ ಇದೆ. ಕಿಲೋಮೀಟರಿಗೆ ಎರಡು ಮೂರು ಕಡೆ, ಒಂದು ಬಸ್ಸೋ ಲಾರಿಯೋ ಪೂರ್ತಿ ಪಕ್ಕಕ್ಕೆ ಸೇರಿ ನಿಲ್ಲುವಷ್ಟು ಜಾಗ ಮಾಡುವುದು. ಗುಡ್ಡ ಕಡಿದಾಗಿಲ್ಲದ ಕಡೆ, ಗಟ್ಟಿ ನೆಲ ಇರುವ ಕಡೆ ಆರಿಸಿ ಮಾಡುವುದು. ಅದೂ ಒಂದರಿಂದ ಇನ್ನೊಂದು ಕಾಣುವ ಹಾಗೆ ಇದ್ದರೆ, ಎದುರಿನ ಗಾಡಿಯನ್ನು ದೂರದಿಂದಲೇ ನೋಡಿ ಮೊದಲೇ ನಿಂತುಕೊಳ್ಳಬಹುದು, ರಿವರ್ಸ್ ಹಾಕುವ ಗೋಜೇ ಇಲ್ಲ. ಆ ಕಂಡಕ್ಟರ್ ಕೋಲು ನೆಟ್ಟು ಮಾಡಿದ್ದನ್ನೇ ಕಲ್ಲು ಕಟ್ಟಿ ಕಾಯಂ ಮಾಡಿದ ಹಾಗೆ.

ಅದಕ್ಕೂ ಮೊದಲು ಇರುವ ಅಗಲವನ್ನು ವಾಪಸ್ ಪಡೆಯಬೇಕು. ನಮ್ಮ 3 ಮೀಟರ್ ಈಗ 3 ಮೀಟರ್ ಉಳಿದಿಲ್ಲ. ಡಾಂಬರಿನ ಅಂಚು ಮುರಿದು ಒಳಗೆ ಬಂದಿದೆ. ಪಕ್ಕದ ಮಣ್ಣು ಕೊಚ್ಚಿಹೋಗಿ ಅರ್ಧ ಅಡಿ ಕೆಳಗೆ ಇಳಿದಿದೆ. ಚಕ್ರ ಒಮ್ಮೆ ಇಳಿದರೆ ಹತ್ತುವುದು ಕಷ್ಟ ಅಂತ ಯಾರೂ ಅಂಚಿಗೆ ಹೋಗುವುದಿಲ್ಲ, ಎಲ್ಲರೂ ನಡುವೆಯೇ ಬರುತ್ತಾರೆ. ಚರಂಡಿ ಮುಚ್ಚಿಹೋಗಿ ನೀರು ರಸ್ತೆಯ ಮೇಲೆ ಹರಿಯುತ್ತದೆ, ಅಂಚು ಇನ್ನಷ್ಟು ತಿನ್ನುತ್ತದೆ. ಬರೆಯ ಕಡೆ ಲಂಟಾನ ಬೆಳೆದು ಒಂದು ಮೊಳ ನುಂಗಿದೆ. ಆ ಪೊದೆ ಕಡಿದು, ಚರಂಡಿ ಬಿಡಿಸಿ, ಅಂಚಿಗೆ ಜಲ್ಲಿ ಮಣ್ಣು ಹಾಕಿ ಗಟ್ಟಿ ಮಾಡಿದರೆ ಒಂದು ಜೆಸಿಬಿಯೂ ಗುಡ್ಡ ಮುಟ್ಟದೆ ರಸ್ತೆ ಅಗಲವಾಗುತ್ತದೆ. ಈ ಕೆಲಸಕ್ಕೆ ಉದ್ಘಾಟನೆ ಮಾಡಿ ಬೋರ್ಡ್ ಹಾಕಲು ಬರುವುದಿಲ್ಲ, ಪ್ರತಿ ವರ್ಷ ಮಾಡಬೇಕು. ಬಹುಶಃ ಅದಕ್ಕೇ ಯಾರ ಬಾಯಲ್ಲೂ ಬರುತ್ತಿಲ್ಲ.

ಹೆದ್ದಾರಿಗೆ ಇದೇ ಮಾತು ಹೇಳಲು ಬರುವುದಿಲ್ಲ ಅಂತ ನನಗೂ ಗೊತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗುವವರು, ಬಂದರಿಗೆ ಕಾಫಿ ಹೋಗುವುದು, ಎಲ್ಲ ಆ ಘಾಟಿಯಲ್ಲೇ. ಅಲ್ಲಿ ಅಗಲ ಬೇಕು. ಬೇಕಾದ ಕಡೆ ಬರೆಯನ್ನು ಒರಗಿಸಿ, ತಡೆಗೋಡೆ ಕಟ್ಟಿ, ಗೋಡೆಯ ಹಿಂದಿನ ನೀರು ಹೊರಗೆ ಹೋಗಲು ದಾರಿ ಬಿಟ್ಟು ಮಾಡಿದರೆ ನಾನು ಬೇಡ ಅನ್ನುವವನಲ್ಲ. ಅದಕ್ಕೆ ಆಗುವ ಪೂರ್ತಿ ಖರ್ಚನ್ನು ಮೊದಲೇ ಹೇಳಿ, ಅಷ್ಟೂ ಖರ್ಚು ಮಾಡಲಿ. ಅರ್ಧ ಖರ್ಚಿನಲ್ಲಿ ಪೂರ್ತಿ ಅಗಲ ಮಾಡಿದರೆ ಉಳಿದರ್ಧವನ್ನು ಕೆಳಗಿನ ಮನೆಯವರು ತೆರಬೇಕಾಗುತ್ತದೆ.

ನಮ್ಮೂರಿನ ರಸ್ತೆಗೆ ನಾವು ಕೆಲವರು ಸೇರಿ ಒಂದು ಕಾಗದ ಬರೆದಿದ್ದೇವೆ. ಸೈಡ್ ಕೊಡಲು ಜಾಗ ಎಲ್ಲೆಲ್ಲಿ ಆಗಬೇಕು ಅಂತ ಡ್ರೈವರುಗಳನ್ನೇ ಕೂರಿಸಿ ಕೇಳಿದೆವು. ಆಟೊ ಹುಡುಗ ಎಲ್ಲರಿಗಿಂತ ಚೆನ್ನಾಗಿ ಹೇಳಿದ. ಡೇರಿಯ ಎದುರು, ಎರಡನೇ ಮೋರಿ ದಾಟಿದ ಕೂಡಲೇ, ಮತ್ತೆ ಆಂಬ್ಯುಲೆನ್ಸ್ ಸಿಕ್ಕಿಹಾಕಿಕೊಂಡ ಆ ಕೆಳಗಿನ ತಿರುವಿನಲ್ಲಿ. ತಿರುವಿನ ಹತ್ತಿರ ಪೈಸಾರಿ (ಸರ್ಕಾರಿ ಜಾಗ) ಇಲ್ಲ, ಇರುವುದು ಮಾವನ ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಮೀನು). ಕಣದಿಂದ ದೂರ, ಗಟ್ಟಿ ಜಾಗ. ಲಾರಿ ನಿಲ್ಲುವಷ್ಟು ಬಿಟ್ಟುಕೊಡುತ್ತೇನೆ ಎಂದು ಮಾವ ಸಭೆಯಲ್ಲೇ ಹೇಳಿದರು, ಬೇಲಿ ಹಿಂದಕ್ಕೆ ಹಾಕಿಕೊಡುವ ಖರ್ಚು ಪಂಚಾಯಿತಿಯದ್ದು ಎಂಬ ಷರತ್ತಿನ ಮೇಲೆ. ಕಾಗದಕ್ಕೆ ಅವರ ಸಹಿಯೂ ಆಗಿದೆ, ಆಟೊ ಹುಡುಗನ ಸಹಿಯೂ ಆಗಿದೆ. ಮಳೆ ಬಿಟ್ಟ ಮೇಲೆ ಬಂದು ಅಳೆಯುತ್ತೇವೆ ಎಂದು ಆ ಎಂಜಿನಿಯರ್ ಫೋನಿನಲ್ಲಿ ಹೇಳಿದ್ದಾರೆ.